ಒಣಸೀಮೆಯಲ್ಲಿ ತೆಂಗು, ಅಡಿಕೆ



ಗಡಿಸೀಮೆಯ ನಮಗೆ ಒಂದೊಂದು ಮರಕ್ಕೂ ಎರಡೆರಡು ಹೆಸರು ಗೊತ್ತು. ಮನೆಯಲ್ಲಿ ತೆಂಗಿನ ಮರ ಎನ್ನುತ್ತೇವೆ. ರಾಯದುರ್ಗದ ಸಂತೆಗೆ ಹೋದರೆ ಅದು ಕೊಬ್ಬರಿ ಚೆಟ್ಟು, ಹೊಸೂರಿನಲ್ಲಿ ತೆನ್ನೈ ಮರಂ, ಅಕ್ಕಲಕೋಟೆಯಲ್ಲಿ ನಾರಳ, ಗೋವೆಯಲ್ಲಿ ಮಾಡ್. ಹೆಸರು ಬದಲಾಯಿಸಿಕೊಳ್ಳುವುದು ನಮಗೆ ಕಷ್ಟವಲ್ಲ. ಆದರೆ ಬೇಸಾಯದ ಸಲಹೆಯನ್ನು ಎಲ್ಲಿಂದ ತೆಗೆದುಕೊಳ್ಳಬೇಕು ಎಂಬ ವಿಷಯದಲ್ಲಿ ಗಡಿಯವರಾದ ನಾವು ಬಹಳ ಸಾರಿ ಎಡವುತ್ತೇವೆ. ಇವತ್ತು ಆ ಮಾತನ್ನೇ ಆಡಬೇಕೆಂದಿದ್ದೇನೆ. ಮುಖ್ಯವಾಗಿ ಮಡಕಶಿರಾ, ರಾಯದುರ್ಗ, ಆದವಾನಿ, ಸೊಲ್ಲಾಪುರ, ಜತ್ತ, ತಾಳವಾಡಿ, ಹೊಸೂರು ಕಡೆಯ ರೈತರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತೇನೆ. ಕಾಸರಗೋಡಿನವರೂ ಕೇಳಬಹುದು, ಅವರ ಊರಿನ ಪ್ರಸ್ತಾಪ ನಡುವೆ ಬರುತ್ತದೆ.

ಧಾರಣೆ ಏರಿದ ವರ್ಷವೇ ನಮ್ಮಲ್ಲಿ ಗಿಡ ನೆಡುವ ಹುರುಪು ಏಳುತ್ತದೆ. 2014ರಲ್ಲಿ ಅಡಿಕೆಗೆ ಹಿಂದೆಂದೂ ಕಾಣದ ಬೆಲೆ ಬಂತು. ಆಮೇಲಿನ ವರ್ಷಗಳಲ್ಲಿ ಶೇಂಗಾ, ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲೂ ಅಡಿಕೆ ಸಸಿ ಎದ್ದು ನಿಂತವು. 2023ರಲ್ಲಿ ತಿಪಟೂರಿನ ಉಂಡೆ ಕೊಬ್ಬರಿ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಾಗ ತೆಂಗಿನ ಗಿಡ ಕೇಳುವವರೇ ಇರಲಿಲ್ಲ. 2025ರಲ್ಲಿ ಅದೇ ಕೊಬ್ಬರಿ ದಾಖಲೆ ಬೆಲೆಗೆ ಏರಿತು, ನರ್ಸರಿಗಳ ಮುಂದೆ ಮತ್ತೆ ಜನ ನಿಂತರು. ಇವತ್ತಿನ ಬೆಲೆ ನೋಡಿ ನೆಟ್ಟ ತೆಂಗಿನ ಗಿಡ ಚೆನ್ನಾಗಿ ಕಾಯಿ ಕೊಡಲು ಆರೇಳು ವರ್ಷ ಬೇಕು. ಆಗ ಬೆಲೆ ಎಷ್ಟಿರುತ್ತದೆಂದು ಯಾರೂ ಹೇಳಲಾರರು. ಆದರೆ ಆ ಆರೇಳು ಬೇಸಿಗೆಗಳಲ್ಲಿ ನಿಮ್ಮ ಬೋರಿನಲ್ಲಿ ಎಷ್ಟು ನೀರು ಉಳಿಯಬಹುದು ಎಂಬುದನ್ನು ಮಟ್ಟಿಗೆ ಅಂದಾಜು ಮಾಡಬಹುದು. ಆ ಅಂದಾಜು ಮಾಡದೆ ನೆಟ್ಟವರು 2016, 2017ರ ಬರದಲ್ಲಿ ಏನು ಕಂಡರು ಎಂಬುದು ನಿಮಗೇ ಗೊತ್ತು. ತುಮಕೂರು, ಚಿತ್ರದುರ್ಗ, ಹಾಸನ ಜಿಲ್ಲೆಗಳಲ್ಲಿ ಫಲಕ್ಕೆ ಬಂದ ಮರಗಳೇ ಸುಳಿ ಒಣಗಿ ಸತ್ತವು. ಮಡಕಶಿರಾ ಕಡೆಯ ತೋಟಗಳೂ ಇದರಿಂದ ಹೊರತಾಗಿ ಉಳಿಯಲಿಲ್ಲ. ಮಣ್ಣೂ ಅದೇ, ಮಳೆಯೂ ಅದೇ.

ತೆಂಗು ಮೂಲತಃ ಕಡಲ ಕರೆಯ ಮರ. ಅದಕ್ಕೆ ಬೇಕಾದ್ದು ಸರಾಸರಿ 27 ಡಿಗ್ರಿಯ ಬೆಚ್ಚನೆ ಹವೆ, ಗಾಳಿಯಲ್ಲಿ ತೇವ, ವರ್ಷದ ಉದ್ದಕ್ಕೂ ಹಂಚಿಕೊಂಡು ಬೀಳುವ ಮಳೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ಅನಂತಪುರ ಸೀಮೆಯಲ್ಲಿ 550 ಮಿ.ಮೀ. ಆಸುಪಾಸು, ಅದೂ ಹೆಚ್ಚಿನ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಒಮ್ಮೆಲೇ. ಸೊಲ್ಲಾಪುರದ ಮಳೆಯೂ ಇದಕ್ಕಿಂತ ಬಹಳ ಹೆಚ್ಚಲ್ಲ, ಬಿಸಿಲು ಮಾತ್ರ ಇನ್ನೂ ಕಠಿಣ. ಹಾಗಾದರೆ ನಮ್ಮ ಹಿರಿಯರು ಈ ಸೀಮೆಯಲ್ಲಿ ತೆಂಗನ್ನು ಹೇಗೆ ಬೆಳೆಸಿದರು? ಅವರು ಎಲ್ಲೆಂದರಲ್ಲಿ ನೆಡಲಿಲ್ಲ. ಕೆರೆ ಏರಿಯ ಹಿಂದೆ, ಹಳ್ಳದ ದಡದಲ್ಲಿ, ಬಾವಿಯ ಸುತ್ತ, ಮಧುಗಿರಿ ಪಾವಗಡ ಕಡೆ ತಲಪರಿಗೆಯ ನೀರು ಹರಿಯುವಲ್ಲಿ ನೆಟ್ಟರು. ಅಲ್ಲಿ ಮರದ ಬೇರಿಗೆ ನೆಲದ ಒಳಗಿನ ತೇವ ಸಿಗುತ್ತಿತ್ತು. ತೋಟ ಎಂಬ ಮಾತು ನೀರಿರುವ ಜಾಗಕ್ಕೇ ಸಲ್ಲುತ್ತಿತ್ತು, ಉಳಿದದ್ದೆಲ್ಲ ಹೊಲ. ಬೋರು ಬಂದ ಮೇಲೆ ಹೊಲವೂ ತೋಟವಾಯಿತು. ಅದರಲ್ಲಿ ತಪ್ಪೇನಿಲ್ಲ. ಆದರೆ ಕೆರೆಯ ಹಿಂದಿನ ಮರ ನೀರನ್ನು ತಾನೇ ಹುಡುಕಿಕೊಳ್ಳುತ್ತಿತ್ತು. ಹೊಲದ ಮರಕ್ಕೆ ನೀವು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ತೆಂಗಿನ ಮರದ ಒಳಗುಟ್ಟು ಸ್ವಲ್ಪ ತಿಳಿದರೆ ಮುಂದಿನ ಮಾತು ಸುಲಭವಾಗುತ್ತದೆ. ಮಾವು, ಹುಣಿಸೆಯಂತೆ ಇದಕ್ಕೆ ತಾಯಿಬೇರು ಇಲ್ಲ. ಬುಡದ ಗೆಡ್ಡೆಯಿಂದ ಸಾವಿರಾರು ಹುರಿಬೇರುಗಳು ಹೊರಟು ಸುತ್ತ ಹರಡುತ್ತವೆ. ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಎರಡು ಮೀಟರಿನ ಒಳಗೆ, ಒಂದು ಅಡಿಯಿಂದ ನಾಲ್ಕು ಅಡಿ ಆಳದಲ್ಲಿ ಇರುತ್ತವೆ. ಇನ್ನೊಂದು ವಿಷಯ, ಮರಕ್ಕೆ ಇರುವುದು ಒಂದೇ ಸುಳಿ. ಅದು ಹೋದರೆ ಮರವೇ ಹೋಯಿತು, ಮಗ್ಗುಲಿಂದ ಚಿಗುರುವ ಮಾತಿಲ್ಲ. ಮೂರನೆಯದು, ಕಾಂಡ ಒಮ್ಮೆ ಎಷ್ಟು ದಪ್ಪ ಬಂತೋ ಅಷ್ಟೇ. ಬೇವಿನ ಮರದ ಹಾಗೆ ವರ್ಷ ವರ್ಷ ದಪ್ಪವಾಗುವುದಿಲ್ಲ. ಹಾಗಾಗಿ ಬರಗಾಲದಲ್ಲಿ ಸೊರಗಿ ಸಣ್ಣಗಾದ ಭಾಗ ಮುಂದೆ ಎಷ್ಟು ನೀರು, ಗೊಬ್ಬರ ಕೊಟ್ಟರೂ ಹಾಗೆಯೇ ಉಳಿಯುತ್ತದೆ.

ನಾಳೆ ತೋಟಕ್ಕೆ ಹೋದಾಗ ಒಂದು ಹಳೆಯ ಮರದ ಮುಂದೆ ನಿಂತು ನೋಡಿ. ಕಾಂಡದ ಮೇಲೆ ಬಳೆ ತೊಡಿಸಿದಂತೆ ಗರಿ ಉದುರಿದ ಗುರುತುಗಳಿವೆ. ಚೆನ್ನಾಗಿ ಬೆಳೆಯುವ ಮರ ತಿಂಗಳಿಗೊಂದು ಗರಿ ಬಿಡುತ್ತದೆ, ನಮ್ಮ ಒಣಸೀಮೆಯಲ್ಲಿ ವರ್ಷಕ್ಕೆ ಹತ್ತೋ ಹನ್ನೊಂದೋ. ಬಳೆಗಳು ಒತ್ತೊತ್ತಾಗಿ, ಕಾಂಡ ಸೊಂಟ ಹಿಡಿದಂತೆ ಸಣ್ಣದಾಗಿರುವ ಜಾಗ ಕಂಡರೆ ಅಲ್ಲಿಂದ ಮೇಲಕ್ಕೆ ಎಣಿಸಿಕೊಂಡು ಹೋಗಿ. ಹತ್ತು ಹನ್ನೊಂದು ಬಳೆಗೆ ಒಂದು ವರ್ಷ ಹಿಡಿಯಿರಿ. ತಲೆಯ ಮೇಲೆ ಹಸಿರಾಗಿರುವ ಗರಿಗಳಿಗೆ ಇನ್ನೊಂದು ಎರಡೂವರೆ ಮೂರು ವರ್ಷ ಸೇರಿಸಿ. ಲೆಕ್ಕ ಕರಾರುವಾಕ್ಕಾಗಿ ಬರಲಿಕ್ಕಿಲ್ಲ, ಆದರೆ ಯಾವ ಬರಗಾಲ ಆ ಮರಕ್ಕೆ ಬಡಿದಿತ್ತು ಎಂಬುದು ತಿಳಿಯುತ್ತದೆ. ಹೊಲ ಕೊಳ್ಳುವವರು, ಗುತ್ತಿಗೆಗೆ ಹಿಡಿಯುವವರು ಪಹಣಿ ನೋಡುವ ಹಾಗೆ ಇದನ್ನೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಆ ಬಾವಿಯೋ ಬೋರೋ ಯಾವ ವರ್ಷ ಕೈಕೊಟ್ಟಿತ್ತು ಎಂದು ಮಾರುವವರು ಹೇಳದಿದ್ದರೂ ಮರ ಹೇಳುತ್ತದೆ.

ಬರಗಾಲದ ಏಟು ಕಾಯಿಯಲ್ಲಿ ಕಾಣಿಸಿಕೊಳ್ಳುವುದು ತಡವಾಗಿ. ಇದನ್ನು ಬಹಳ ಜನ ಗಮನಿಸಿರುವುದಿಲ್ಲ. ನೀವು ಇವತ್ತು ಕಾಣುವ ಹೊಂಬಾಳೆ ಸುಳಿಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹುಟ್ಟಿದ್ದು ಸುಮಾರು 32 ತಿಂಗಳ ಹಿಂದೆ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಮತ್ತೆ 12 ತಿಂಗಳು. ಒಟ್ಟು 44 ತಿಂಗಳು, ಅಂದರೆ ಮೂರೂವರೆ ವರ್ಷಕ್ಕೂ ಮೇಲೆ. ಈ ಅವಧಿಯಲ್ಲಿ ಯಾವ ಬೇಸಿಗೆಯಲ್ಲಿ ಮರ ಬಾಯಾರಿದರೂ ಪೆಟ್ಟು ಬೀಳುತ್ತದೆ. ಹೊಂಬಾಳೆ ಎಳೆಯದಾಗಿದ್ದಾಗ ಬಿದ್ದರೆ ಅದು ಒಳಗೇ ಕಮರುತ್ತದೆ, ಹರಳು ಕಟ್ಟುವಾಗ ಬಿದ್ದರೆ ಹರಳು ಉದುರುತ್ತದೆ, ಆಮೇಲೆ ಬಿದ್ದರೆ ಕಾಯಿ ಸಣ್ಣದಾಗಿ ಕೊಬ್ಬರಿ ತೆಳ್ಳಗಾಗುತ್ತದೆ. ಅದಕ್ಕೇ ಒಳ್ಳೆಯ ಮಳೆ ಬಂದ ವರ್ಷವೂ ಕಾಯಿ ಕಡಿಮೆ ಬಂದು ನಾವು ಔಷಧಿ ಅಂಗಡಿಗೆ ಓಡುತ್ತೇವೆ. ಅಂಗಡಿಯವರು ಏನಾದರೊಂದು ಸೀಸೆ ಕೊಟ್ಟೇ ಕೊಡುತ್ತಾರೆ. ಎರಡು ಮೂರು ವರ್ಷದ ಹಿಂದಿನ ಬಾಯಾರಿಕೆಗೆ ಯಾವ ಸೀಸೆಯಲ್ಲೂ ಮದ್ದಿಲ್ಲ.

ಸಲಹೆಯ ವಿಷಯಕ್ಕೆ ಬರುತ್ತೇನೆ. ತೆಂಗಿನ ಸಂಶೋಧನೆ ನಮ್ಮ ಗಡಿಸೀಮೆಯಲ್ಲೇ ಬೇರುಬಿಟ್ಟ ವಿದ್ಯೆ. ಕಾಸರಗೋಡು ಇನ್ನೂ ಮದರಾಸು ಆಡಳಿತದಲ್ಲಿದ್ದಾಗ, 1916ರಲ್ಲಿ ಅಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾಯಿತು. 1970ರಲ್ಲಿ ಅದು ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಅಲ್ಲಿನ ಕೆಲಸ ಬಹಳ ದೊಡ್ಡದು. ಆದರೆ ಅಲ್ಲಿ ಹೇಳಿದ ಲೆಕ್ಕವನ್ನು ಇಲ್ಲಿ ಹಾಗೆಯೇ ಇಳಿಸಿಕೊಳ್ಳಬಾರದು. ಹನಿ ನೀರಾವರಿಯಲ್ಲಿ ಒಂದು ಮರಕ್ಕೆ ದಿನಕ್ಕೆ 32 ಲೀಟರ್ ಸಾಕು ಎಂದು ಅಲ್ಲಿ ಕಂಡುಕೊಂಡರು. ಅದು ಕಡಲ ಗಾಳಿಯ ತೇವ ಇರುವ, ಮಳೆಗಾಲದಲ್ಲಿ ನೆಲ ತುಂಬಿಕೊಂಡ ಜಾಗದ ಲೆಕ್ಕ. ತಮಿಳುನಾಡಿನ ಕೃಷಿ ವಿಶ್ವವಿದ್ಯಾಲಯದವರು ತಮ್ಮ ಒಳನಾಡಿನ ತೋಟಗಳಿಗೆ ಬೇಸಿಗೆಯಲ್ಲಿ 65 ಲೀಟರ್, ಇನ್ನೂ ಬಿಸಿಲಿನ ಕಡೆ 80 ಲೀಟರಿನ ತನಕ ಹೇಳುತ್ತಾರೆ. ಮಡಕಶಿರಾ, ಸೊಲ್ಲಾಪುರದ ಏಪ್ರಿಲ್ ಬಿಸಿಲಿಗೆ 80 ಎಂದೇ ಹಿಡಿಯಿರಿ.

ಇನ್ನೊಂದು ತೊಡಕು ಇದೆ. ನಾವು ಯಾವ ರಾಜ್ಯದಲ್ಲಿದ್ದೇವೋ ಆ ರಾಜ್ಯದ ತೆಂಗಿನ ಕೇಂದ್ರ ಬಹಳ ಸಾರಿ ಸಮುದ್ರದ ಕಡೆ ಇರುತ್ತದೆ. ಆಂಧ್ರದ್ದು ಇರುವುದು ಅಂಬಾಜಿಪೇಟೆಯಲ್ಲಿ, ಗೋದಾವರಿಯ ಕಾಲುವೆ ನೀರಿನ ಕೋನಸೀಮೆಯಲ್ಲಿ. ಮಹಾರಾಷ್ಟ್ರದ್ದು ರತ್ನಾಗಿರಿ ಹತ್ತಿರದ ಭಾಟ್ಯೆಯಲ್ಲಿ, ಕೊಂಕಣದ ಮಳೆಯಲ್ಲಿ. ಅಲ್ಲಿಂದ ಬರುವ ತೆಲುಗು, ಮರಾಠಿ ಕೈಪಿಡಿಗಳು ಅಲ್ಲಿನ ನೆಲಕ್ಕೆ ಸರಿ. ಮಡಕಶಿರಾದ ಕೆಂಪು ಮಣ್ಣಿಗೋ ಜತ್ತದ ಕಲ್ಲುನೆಲಕ್ಕೋ ಅದನ್ನು ಹೊಂದಿಸುವುದು ಕಷ್ಟ. ನಮ್ಮ ಒಣಹವೆಗೆ ಹತ್ತಿರವಾದ ಅನುಭವ ಇರುವುದು ಅರಸೀಕೆರೆಯ ತೆಂಗಿನ ಸಂಶೋಧನಾ ಕೇಂದ್ರದಲ್ಲಿ, ತಿಪಟೂರು, ಶಿರಾ, ಪಾವಗಡದ ಹಳೆಯ ತೋಟಗಾರರಲ್ಲಿ. ತಮಿಳುನಾಡಿನವರಿಗೆ ಆಳಿಯಾರ್ ಕೇಂದ್ರವೂ ಇದೆ. ಇಲ್ಲಿ ನಮಗೊಂದು ಅನುಕೂಲ ಉಂಟು. ಕನ್ನಡ ಬಲ್ಲ ಮಡಕಶಿರಾದ ರೈತ ಗಡಿ ದಾಟಿ ಹೋಗಿ ತನ್ನ ಭಾಷೆಯಲ್ಲೇ ಕೇಳಿ ತಿಳಿದುಕೊಂಡು ಬರಬಹುದು, ಹಿಂದಿರುಗಿ ಸಹಾಯಧನದ ಅರ್ಜಿಯನ್ನು ತೆಲುಗಿನಲ್ಲಿ ತುಂಬಬಹುದು. ಎರಡು ಭಾಷೆ ಕಲಿತ ಕಷ್ಟಕ್ಕೆ ಇಷ್ಟಾದರೂ ಪ್ರಯೋಜನ ಬೇಡವೇ?

ಈಗ ನೀರಿನ ಲೆಕ್ಕ. ಕಾಗದ ಪೆನ್ಸಿಲು ಹಿಡಿದು ಕೂತವರು ಬರೆದುಕೊಳ್ಳಿ.

ಬೋರಿನ ನೀರನ್ನು ಅಳೆಯಬೇಕಾದ್ದು ಏಪ್ರಿಲ್ ಕೊನೆಯಲ್ಲಿ ಅಥವಾ ಮೇ ತಿಂಗಳಲ್ಲಿ. ಅಕ್ಟೋಬರಿನಲ್ಲಿ ಎಲ್ಲರ ಬೋರೂ ಚೆನ್ನಾಗಿಯೇ ಹೊಡೆಯುತ್ತದೆ. ಎರಡು ಇಂಚು, ಒಂದೂವರೆ ಇಂಚು ಎಂಬ ಬಾಯಿಮಾತು ಬೇಡ. 200 ಲೀಟರಿನ ಡ್ರಮ್ಮನ್ನು ಕೊಳವೆಯ ಬಾಯಿಗೆ ಹಿಡಿದು ಎಷ್ಟು ಹೊತ್ತಿಗೆ ತುಂಬುತ್ತದೆ ನೋಡಿ. ಮೋಟರು ಹಾಕಿದ ಕೂಡಲೇ ನೋಡಬೇಡಿ, ಎರಡು ಮೂರು ಗಂಟೆ ಓಡಿದ ಮೇಲೆ ನೋಡಿ, ಆಗ ಬರುವುದೇ ನಿಜವಾದ ನೀರು. ಮೂರು ನಿಮಿಷಕ್ಕೆ ತುಂಬಿತು ಎನ್ನಿ. ಗಂಟೆಗೆ 4000 ಲೀಟರ್ ಆಯಿತು. ಕರೆಂಟು ಆರು ಗಂಟೆ ಸಿಕ್ಕರೆ ದಿನಕ್ಕೆ 24 ಸಾವಿರ ಲೀಟರ್. ಇದರಲ್ಲಿ ಅರ್ಧವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ, ಉಳಿದರ್ಧ ಬರಗಾಲದ ಪಾಲು. ಅಲ್ಲಿಗೆ 12 ಸಾವಿರ. ಒಂದು ತೆಂಗಿಗೆ 80 ಲೀಟರಿನಂತೆ 150 ಮರ ಸಾಕಬಹುದು. 25 ಅಡಿ ಅಂತರದಲ್ಲಿ ಎಕರೆಗೆ 70 ಗಿಡ ಹಿಡಿಯುತ್ತವೆ, ಅಂದರೆ ಎರಡು ಎಕರೆಗಿಂತ ಸ್ವಲ್ಪ ಹೆಚ್ಚು. ನನ್ನ ಮಾತು ಕೇಳುವುದಾದರೆ ಒಣಸೀಮೆಯಲ್ಲಿ 30 ಅಡಿ ಅಂತರ ಕೊಡಿ, ಎಕರೆಗೆ 50 ಗಿಡ ಬರುತ್ತದೆ. ನಡುವೆ ಹುರುಳಿ, ಅಲಸಂದೆ ಏನಾದರೂ ಬೆಳೆದುಕೊಳ್ಳಬಹುದು.

ಅದೇ 12 ಸಾವಿರ ಲೀಟರಿಗೆ ಅಡಿಕೆ ಎಷ್ಟು? ಅಡಿಕೆಯನ್ನು 9 ಅಡಿಗೊಂದರಂತೆ ನೆಟ್ಟರೆ ಎಕರೆಗೆ 550 ಗಿಡ. ಹನಿ ನೀರಾವರಿಯಲ್ಲಿ ಗಿಡಕ್ಕೆ ದಿನಕ್ಕೆ 20 ಲೀಟರ್ ಎಂದರೂ ಒಂದು ಎಕರೆಗೇ 11 ಸಾವಿರ ಲೀಟರ್ ಮುಗಿಯಿತು. ಎರಡು ಎಕರೆ ತೆಂಗಿನ ನೀರನ್ನು ಒಂದು ಎಕರೆ ಅಡಿಕೆ ಕುಡಿಯುತ್ತದೆ. ಅದೂ ಈ 20 ಲೀಟರ್ ನೆರಳು, ತಂಪು ಇರುವ ಕಡೆಯ ಲೆಕ್ಕ. ತೆಂಗು ಒಂದು ಬೇಸಿಗೆ ಬಾಯಾರಿದರೆ ಕಾಯಿ ಕಳೆದುಕೊಂಡು ಜೀವ ಹಿಡಿದುಕೊಳ್ಳುತ್ತದೆ. ಅಡಿಕೆಗೆ ಅಷ್ಟು ತಾಳ್ಮೆ ಇಲ್ಲ. ಮಳೆಗಾಲ ಮುಗಿದ ಮೇಲೆ ನೈಋತ್ಯದಿಂದ ಬೀಳುವ ಇಳಿಬಿಸಿಲು ಕಾಂಡಕ್ಕೆ ನೇರವಾಗಿ ಹೊಡೆದರೆ ತೊಗಟೆ ಸುಟ್ಟು, ಸೀಳಿ, ಕೆಲವು ವರ್ಷದಲ್ಲಿ ಮರ ಅಲ್ಲಿಂದಲೇ ಮುರಿದು ಬೀಳುತ್ತದೆ. ಮಲೆನಾಡಿನಲ್ಲಿ ತೋಟದ ದಕ್ಷಿಣಕ್ಕೆ, ಪಶ್ಚಿಮಕ್ಕೆ ಎತ್ತರದ ಮರಗಳನ್ನು ಬಿಡುವುದು, ಕಾಂಡಕ್ಕೆ ಹಾಳೆ ಕಟ್ಟುವುದು ಅದಕ್ಕಾಗಿಯೇ. ಬಯಲಿನಲ್ಲಿ ಬರೀ ಅಡಿಕೆ ನೆಟ್ಟು ಬಿಟ್ಟವರು ಸುಣ್ಣವನ್ನಾದರೂ ಬಳಿಯಬೇಕು. ನೀರು ಸವುಳಾದರೆ ಅಡಿಕೆಯ ಆಸೆ ಬಿಟ್ಟುಬಿಡಿ. ನನ್ನ ಅಭಿಪ್ರಾಯ ಕೇಳಿದರೆ, ಮಡಕಶಿರಾ ಸೀಮೆಯಲ್ಲಿ ಕೆರೆಯ ಹಿಂದಿನ ಹಳೆಯ ಅಡಿಕೆ ತೋಟಗಳನ್ನು ಉಳಿಸಿಕೊಳ್ಳಿ, ಬೋರು ನಂಬಿ ಹೊಸದಾಗಿ ಹೊಲದಲ್ಲಿ ಹಾಕಬೇಡಿ. ಬೆಲೆ ಚೆನ್ನಾಗಿದೆಯಲ್ಲ ಎನ್ನುತ್ತೀರಿ. ಆ ಬೆಲೆ ನೋಡಿಯೇ ಅಕ್ಕಪಕ್ಕದವರೂ ಬೋರು ಕೊರೆಸುತ್ತಾರೆ, ನಿಮ್ಮಿಬ್ಬರ ಕೆಳಗಿರುವ ನೀರು ಒಂದೇ.

ಲೆಕ್ಕ ಹಾಕಿದ್ದಾಯಿತು, ನೆಡುವುದೇ ಎಂದು ತೀರ್ಮಾನವಾಯಿತು. ಯಾವ ತಳಿ? ಎಳನೀರಿಗೆಂದು ಗಿಡ್ಡ ತಳಿಗಳನ್ನು ಬಹಳ ಜನ ಕೇಳುತ್ತಾರೆ. ಬೇಗ ಫಲ ಬರುತ್ತದೆ, ನಿಜ. ಆದರೆ ನೀರಿನ ಕೊರತೆಯನ್ನು ಅವು ತಡೆಯುವುದಿಲ್ಲ. ಮನೆ ಹಿತ್ತಲಿನಲ್ಲಿ, ಬಚ್ಚಲ ನೀರು ಹೋಗುವಲ್ಲಿ ಒಂದೆರಡು ಇರಲಿ, ಹೊಲಕ್ಕೆ ಬೇಡ. ಒಣಸೀಮೆಗೆ ಎತ್ತರದ ತಳಿಯೇ ಸರಿ. ತಿಪಟೂರು ಎತ್ತರದ ತಳಿ, ಅದರಿಂದಲೇ ಆರಿಸಿ ತೆಗೆದ ಕಲ್ಪತರು, ಲಕ್ಷದ್ವೀಪದ ತಳಿಯಿಂದ ಬಂದ ಚಂದ್ರಕಲ್ಪ, ಆಳಿಯಾರ್ ಕೇಂದ್ರದ ಎ.ಎಲ್.ಆರ್.-1, ಇವು ಬರ ತಡೆಯುವುದರಲ್ಲಿ ಹೆಸರಾದವು. ನೀವೇ ಬೀಜದ ಕಾಯಿ ಆರಿಸುವುದಾದರೆ ಇನ್ನೂ ಒಳ್ಳೆಯದು. ನಿಮ್ಮ ಊರಿನಲ್ಲೇ 2016, 2017ನ್ನು ದಾಟಿ ಬಂದ, ಕಾಂಡದಲ್ಲಿ ಸೊಂಟ ಬೀಳದ, ತಲೆಯಲ್ಲಿ 30ಕ್ಕೆ ಹೆಚ್ಚು ಗರಿ ಇರುವ, ವರ್ಷಕ್ಕೆ 80 ಕಾಯಿಗೆ ಕಡಿಮೆ ಇಲ್ಲದೆ ಕೊಡುವ ಮರವನ್ನು ಹುಡುಕಿ. ಹನ್ನೆರಡು ತಿಂಗಳು ಪೂರ್ತಿ ಬಲಿತ ಕಾಯಿ ಇಳಿಸಿ ಮಡಿ ಮಾಡಿ. ಮೊದಲು ಮೊಳೆತದ್ದನ್ನು, ಬುಡ ದಪ್ಪಗಿರುವುದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಮುಲಾಜಿಲ್ಲದೆ ತೆಗೆದುಬಿಡಿ.

ಗುಣಿ ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳ ಇರಲಿ. ತಳದಲ್ಲಿ ತೆಂಗಿನ ಕಾಯಿ ಸಿಪ್ಪೆಯನ್ನು ಎರಡು ವರಸೆ ಹರಡಿ, ಬಟ್ಟಲಿನ ಹಾಗೆ ಒಳಭಾಗ ಮೇಲೆ ಮಾಡಿ. ಸಿಪ್ಪೆ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬೇರಿಗೆ ಬಿಡುತ್ತದೆ. ನಮ್ಮಲ್ಲಿ ಈ ಸಿಪ್ಪೆಯನ್ನು ಒಲೆಗೆ ಹಾಕುತ್ತಾರೆ, ಇಲ್ಲವೇ ಲಾರಿಯವರಿಗೆ ಚಿಲ್ಲರೆ ಕಾಸಿಗೆ ಕೊಡುತ್ತಾರೆ. ಆ ಮೇಲೆ ಕೆರೆಯ ಗೋಡು, ಹಳೆಯ ಕೊಟ್ಟಿಗೆ ಗೊಬ್ಬರ, ಮೇಲ್ಮಣ್ಣು ಸೇರಿಸಿ ಗುಣಿಯನ್ನು ಅರ್ಧದಷ್ಟು ಮಾತ್ರ ತುಂಬಿ ಸಸಿ ನೆಡಿ. ಸಸಿ ಬೆಳೆದಂತೆ ಮಣ್ಣು ತುಂಬುತ್ತಾ ಬನ್ನಿ. ಬುಡ ಆಳದಲ್ಲಿದ್ದರೆ ಬೇರೂ ತಂಪಿನಲ್ಲಿರುತ್ತದೆ. ಆದವಾನಿ, ಸೊಲ್ಲಾಪುರದ ಎರೆ ಮಣ್ಣಿನವರು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು. ಎರೆ ನೆಲ ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರಿದು ಬೇರು ಹರಿಯುತ್ತದೆ. ಗುಣಿಗೆ ಮರಳು ಬೆರೆಸಿ, ನೀರು ಬಸಿದು ಹೋಗಲು ಕಾಲುವೆ ಬಿಡಿ, ಬೇಸಿಗೆಯಲ್ಲಿ ನೆಲ ಬರಿದಾಗಿ ಬಿಡಲೇಬೇಡಿ. ನೆಡಲು ಕಾಸರಗೋಡಿನ ಹಾಗೆ ಜೂನ್ ತಿಂಗಳೇ ಆಗಬೇಕೆಂದಿಲ್ಲ. ಅನಂತಪುರ ಸೀಮೆಗೆ ನೆಲ ತೋಯಿಸುವ ಮಳೆ ಬರುವುದೇ ಆಗಸ್ಟ್ ಕೊನೆಗೆ, ಆಗ ನೆಡಿ.

ಮೊದಲ ಮೂರು ಬೇಸಿಗೆ ಸಸಿಗೆ ಗಂಡಾಂತರದ ಕಾಲ. ಪಶ್ಚಿಮ, ದಕ್ಷಿಣದ ಕಡೆ ತೆಂಗಿನ ಗರಿಯನ್ನೋ ಜೋಳದ ದಂಟನ್ನೋ ಚುಚ್ಚಿ ನೆರಳು ಮಾಡಿ. ಹನಿ ಪೈಪು ಇಲ್ಲದವರು ಸುಡದ ಬಣ್ಣ ಬಳಿಯದ ಮಣ್ಣಿನ ಗಡಿಗೆಯನ್ನು ಸಸಿಯ ಪಕ್ಕ ಕತ್ತಿನ ತನಕ ಹೂತು, ನೀರು ತುಂಬಿ ಬಾಯಿ ಮುಚ್ಚಿಡಿ. ಸುಡದ ಎಂದೆನೇ? ಚೆನ್ನಾಗಿ ಸುಟ್ಟ ಗಡಿಗೆಯೇ ಬೇಕು, ಬಣ್ಣ ಮಾತ್ರ ಬಳಿದಿರಬಾರದು, ನೀರು ಜಿನುಗಬೇಕಲ್ಲ. ಪೇಟೆಯಲ್ಲಿರುವ ಮಕ್ಕಳು ಬಂದಾಗ ನಗಬಹುದು. ನಗಲಿ, ಸಸಿ ಬದುಕುತ್ತದೆ.

ದೊಡ್ಡ ಮರಗಳಿಗೆ ಬುಡದ ಸುತ್ತ ಆರು ಅಡಿಯ ಪಾತಿ ಮಾಡಿ, ಬಿದ್ದ ಗರಿ, ಸೋಗೆ, ನಾರಿನ ಪುಡಿ ಏನು ಸಿಕ್ಕಿದರೂ ದಪ್ಪಗೆ ಹೊದಿಸಿ. ಇದನ್ನು ಬಿಸಿಲು ಏರಿದ ಮೇಲೆ ಮಾಡಿದರೆ ಅರ್ಧ ಪ್ರಯೋಜನ ಹೋಯಿತು. ಹಿಂಗಾರು ಮಳೆ ನಿಂತು ಮಣ್ಣಿನಲ್ಲಿ ಇನ್ನೂ ಹಸಿ ಇರುವಾಗ, ನವೆಂಬರ್ ಡಿಸೆಂಬರಿನಲ್ಲಿ ಮುಗಿಸಬೇಕು. ಮಳೆಗಾಲದಲ್ಲಿ ಪಾತಿಯಲ್ಲಿ ಅಪ್ಸೆಣಬು, ಹುರುಳಿ ಎರಚಿ ಹೂವಾಗುವ ಮೊದಲು ಮಣ್ಣಿಗೆ ಸೇರಿಸಿ. ಗೊಬ್ಬರದಲ್ಲಿ ಒಣಸೀಮೆಯವರು ಪೊಟ್ಯಾಷನ್ನು ಬಿಡಬಾರದು. ಗರಿಯ ಸಣ್ಣ ಬಾಯಿಗಳು ಹೊತ್ತಿಗೆ ಸರಿಯಾಗಿ ಮುಚ್ಚಿ ನೀರು ಹಾರಿಹೋಗದಂತೆ ನೋಡಿಕೊಳ್ಳುವುದಕ್ಕೆ ಅದು ಬೇಕು. ಫಲ ಕೊಡುವ ಮರಕ್ಕೆ ವರ್ಷಕ್ಕೆ ಎರಡು ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್, ನೆಲ ಹಸಿಯಾಗಿರುವಾಗ ಎರಡು ಕಂತಿನಲ್ಲಿ. ಒಣ ನೆಲಕ್ಕೆ ಹಾಕಿದರೆ ಬೇರನ್ನು ಸುಡುತ್ತದೆ.

ನೀರು ಕೈಕೊಟ್ಟೇ ಬಿಟ್ಟರೆ? ಇದು ಕಹಿ ಮಾತು, ಆದರೂ ಹೇಳಬೇಕು. ಇರುವ ನೀರನ್ನು ಎಲ್ಲ ಮರಗಳಿಗೂ ಚಿಮುಕಿಸಿ ಎಲ್ಲವನ್ನೂ ಅರೆಜೀವ ಮಾಡುವುದಕ್ಕಿಂತ ಯಾವ ಮರ ಉಳಿಯಬೇಕು ಎಂದು ಮೊದಲೇ ತೀರ್ಮಾನಿಸಿಕೊಳ್ಳುವುದು ಮೇಲು ಎಂದು ನನ್ನ ಭಾವನೆ. ಫೆಬ್ರವರಿಯಲ್ಲೇ ತೋಟ ಸುತ್ತಿ ಗುರುತು ಹಾಕಿ. ಅರವತ್ತು ವರ್ಷ ದಾಟಿದ್ದು, ತುದಿ ಪೆನ್ಸಿಲಿನಂತೆ ಚೂಪಾದದ್ದು, ಅಣಬೆ ರೋಗ ಹಿಡಿದು ಬುಡದಲ್ಲಿ ಕಂದು ರಸ ಸೋರುವುದು, ಇವಕ್ಕೆ ನೀರು ನಿಲ್ಲಿಸಿ. ತಾತ ನೆಟ್ಟ ಮರ ಎಂಬ ಮಮತೆ ಇರುತ್ತದೆ, ಮನೆಯ ಹೆಂಗಸರು ಒಪ್ಪದಿರಬಹುದು, ಕೂತು ಮಾತಾಡಿಕೊಳ್ಳಿ. ಹತ್ತರಿಂದ ಮೂವತ್ತು ವರ್ಷದ ಗಟ್ಟಿ ಮರಗಳಿಗೆ ನೀರು ಪೂರ್ತಿ ಹೋಗಲಿ. ಜೋತು ಬಿದ್ದ ಒಣಗರಿ ಕಡಿಯಿರಿ, ಹಸಿರು ಗರಿಗೆ ಕತ್ತಿ ಹಾಕಬೇಡಿ. ಗೊನೆಗಳನ್ನು ಎಳನೀರಿಗೆ ಇಳಿಸಿಬಿಟ್ಟರೆ ಮರಕ್ಕೆ ಹೊರೆಯೂ ಇಳಿಯುತ್ತದೆ, ಬೇಸಿಗೆಯಲ್ಲಿ ನಾಲ್ಕು ಕಾಸೂ ಬರುತ್ತದೆ. ಸೊರಗಿದ ತೋಟಕ್ಕೆ ಕಪ್ಪುತಲೆ ಹುಳು ಬೇಗ ಬರುತ್ತದೆ, ಗರಿಯ ಅಡಿಯಲ್ಲಿ ನೂಲು ಕಟ್ಟಿದ ಹಿಕ್ಕೆ ಕಂಡರೆ ತಡಮಾಡಬೇಡಿ. ತಾಳವಾಡಿಯವರು ಈ ಲೆಕ್ಕವನ್ನೆಲ್ಲ ಕೇಳಿ, ನೀರಿರಲಿ ಸ್ವಾಮಿ, ಆನೆಯ ಲೆಕ್ಕ ಯಾರು ಹಾಕುತ್ತಾರೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಾಡಂಚಿನ ಹೊಲಕ್ಕೆ ಎಳೆಯ ತೆಂಗು ನೆಡುವುದೆಂದರೆ ಆನೆಗೆ ಊಟಕ್ಕೆ ಕರೆದ ಹಾಗೆ. ಊರಿಗೆ ಹತ್ತಿರದ ಹೊಲದಲ್ಲಿ ಮಾತ್ರ ಹಾಕುವುದು ಲೇಸು.

ತೆಂಗು ಅಡಿಕೆಗೇ ಅಂಟಿಕೊಳ್ಳಬೇಕೆಂದೇನೂ ಇಲ್ಲ. ಖರ್ಜೂರವನ್ನು ಅನಂತಪುರ ಸೀಮೆಯ ಕೆಲವು ರೈತರು ಬೆಳೆದು ತೋರಿಸಿದ್ದಾರೆ. ಬರ್ಹಿ ಎಂಬ ತಳಿಯ ಹಣ್ಣನ್ನು ಹಳದಿಯಾಗಿ ಗರಿಗರಿ ಇರುವಾಗಲೇ ಮಾರಬಹುದು, ಪೂರ್ತಿ ಮೆತ್ತಗಾಗಿ ಒಣಗುವ ತನಕ ಕಾಯಬೇಕಿಲ್ಲ. ಹಣ್ಣು ಮಾಗುವಾಗ ಮಳೆ ಬಿದ್ದರೆ ಖರ್ಜೂರ ಕೆಡುತ್ತದೆ. ನಮ್ಮಲ್ಲಿ ದೊಡ್ಡ ಮಳೆ ಸೆಪ್ಟೆಂಬರಿಗೆ ಬರುವುದರಿಂದ ಅಷ್ಟರಲ್ಲಿ ಹಣ್ಣು ಇಳಿದಿರುತ್ತದೆ. ಆದರೆ ಮರಳುಗಾಡಿನ ಮರ, ನೀರೇ ಬೇಡ ಎಂದು ತಿಳಿಯಬೇಡಿ. ಬಿಸಿಲು, ಸವುಳು ನೀರು ಎರಡನ್ನೂ ತಡೆಯುತ್ತದೆ ಅಷ್ಟೆ, ಹಣ್ಣು ಬೇಕಾದರೆ ನೀರು ಕೊಡಲೇಬೇಕು. ಗಂಡು ಮರ, ಹೆಣ್ಣು ಮರ ಬೇರೆ ಬೇರೆ ಇರುತ್ತವೆ, ಕೈಯಿಂದಲೇ ಪರಾಗ ಮುಟ್ಟಿಸಬೇಕು. ಅಂಗಾಂಶ ಕೃಷಿಯ ಸಸಿ ದುಬಾರಿ. ಕೈಯಲ್ಲಿ ದುಡ್ಡಿದ್ದವರು ಹತ್ತು ಗಿಡ ಹಾಕಿ ನೋಡಬಹುದು, ಸಾಲ ಮಾಡಿ ಹಾಕುವುದು ಬೇಡ.

ನೀರೇ ಇಲ್ಲದ ಹೊಲದ ಬದುವಿಗೆ ಒಂದು ಮರವಿದೆ, ಅದನ್ನು ನಾವು ಮರೆಯುತ್ತಾ ಬಂದಿದ್ದೇವೆ. ಕನ್ನಡದಲ್ಲಿ ತಾಳೆ, ತಾಟಿ. ತಮಿಳಿನಲ್ಲಿ ಪನೈ ಮರಂ, ಅದು ಆ ರಾಜ್ಯದ ವೃಕ್ಷ ಕೂಡ. ಅದನ್ನು ಕಡಿಯಬೇಕಾದರೆ ಜಿಲ್ಲಾಧಿಕಾರಿಯ ಅಪ್ಪಣೆ ಬೇಕೆಂದು 2021ರಲ್ಲಿ ಅಲ್ಲಿನ ಸರಕಾರ ಹೇಳಿತು. ಇದರ ಸಸಿಯನ್ನು ನರ್ಸರಿಯಿಂದ ತಂದು ನೆಡಲು ಹೋಗಬೇಡಿ. ಬೀಜ ಮೊಳೆತಾಗ ಮೊಳಕೆ ಮೇಲೆ ಬರುವುದಿಲ್ಲ, ಮೊದಲು ಆಳಕ್ಕೆ ಇಳಿದು ಅಲ್ಲಿ ಗೆಡ್ಡೆ ಕಟ್ಟುತ್ತದೆ, ಕಿತ್ತರೆ ಸಾಯುತ್ತದೆ. ಹಣ್ಣಿನ ಓಟೆಯನ್ನು ಇರಬೇಕಾದ ಜಾಗದಲ್ಲೇ, ಮಳೆಗಾಲದಲ್ಲಿ, ಹತ್ತು ಅಡಿಗೊಂದರಂತೆ ಬದುವಿನಲ್ಲಿ ಹೂಳಬೇಕು. ಒಂದೊಂದು ಗುಣಿಗೆ ಎರಡು ಓಟೆ ಹಾಕಿ. ಫಲಕ್ಕೆ ಹನ್ನೆರಡು ಹದಿನೈದು ವರ್ಷ ಬೇಕು, ಅದಕ್ಕೇ ಯಾರೂ ನೆಡುವುದಿಲ್ಲ. ಒಂದಿಷ್ಟು ಓಟೆಗಳನ್ನು ಹಿತ್ತಲಿನ ಸಡಿಲ ಮಣ್ಣಿನಲ್ಲೂ ಒತ್ತಾಗಿ ಹೂತಿಡಿ. ನಾಲ್ಕೈದು ತಿಂಗಳಿಗೆ ಅಗೆದರೆ ಗೇಣುದ್ದದ ಗೆಡ್ಡೆ ಸಿಗುತ್ತದೆ, ತೆಲುಗಿನವರು ತೇಗಲು ಎನ್ನುತ್ತಾರೆ, ತಮಿಳರು ಪನಂಕಿಳಂಗು. ಉಪ್ಪು ಹಾಕಿ ಬೇಯಿಸಿ ಮಕ್ಕಳಿಗೆ ಕೊಡಿ, ಅವರು ಮುಂದಿನ ವರ್ಷ ತಾವೇ ಓಟೆ ಆರಿಸಿ ತರುತ್ತಾರೆ.